ಶಿಬಿರದ ಮರುದಿನ: ಸಿದ್ದಿಗಳ ಆರೋಗ್ಯ ಮತ್ತು ನಮ್ಮ ವಿದ್ಯಾರ್ಥಿವೇತನ



ಈ ಸಾಲಿನಲ್ಲಿ ಟ್ರಸ್ಟ್ ಆರೋಗ್ಯ ಶಿಬಿರಗಳನ್ನು ಕಡಿಮೆ ಮಾಡಿ, ಆ ಹಣದ ಒಂದು ಭಾಗವನ್ನು ನರ್ಸಿಂಗ್, ಲ್ಯಾಬ್ ಟೆಕ್ನಿಷಿಯನ್ ಮತ್ತು ಫಾರ್ಮಸಿ ಓದುವ ಮಕ್ಕಳ ವಿದ್ಯಾರ್ಥಿವೇತನಕ್ಕೆ ಸೇರಿಸಿದೆ. ಶಿಬಿರ ನಡೆಸಿದರೆ ಒಂದೇ ದಿನದಲ್ಲಿ ನೂರಾರು ಜನಕ್ಕೆ ಉಪಯೋಗವಾಗುತ್ತದೆ, ಒಬ್ಬ ಹುಡುಗಿಯ ಫೀಸು ಕಟ್ಟಿದರೆ ಏನು ಬಂತು ಎಂದು ಚನ್ನಗಿರಿ ಮತ್ತು ಜಗಳೂರಿನ ಕೆಲವು ದಾನಿಗಳು ಕೇಳಿದ್ದಾರೆ. ಹಣ ಕೊಟ್ಟವರು ಕೇಳಲೇಬೇಕಾದ ಪ್ರಶ್ನೆ ಇದು. ಉತ್ತರವನ್ನು ನಮ್ಮ ನಾಲ್ಕು ತಾಲ್ಲೂಕುಗಳಿಂದ ಆರಂಭಿಸದೆ, ಉತ್ತರ ಕನ್ನಡದ ಕಾಡಂಚಿನ ಒಂದು ಸಮುದಾಯದಿಂದ ಆರಂಭಿಸುತ್ತೇವೆ. ಅಲ್ಲಿ ಈ ವಿಷಯ ಇನ್ನೂ ಸ್ಪಷ್ಟವಾಗಿ ಕಾಣುತ್ತದೆ.

ಯಲ್ಲಾಪುರ, ಹಳಿಯಾಳ, ಮುಂಡಗೋಡ, ಅಂಕೋಲಾ ಕಡೆ ಓಡಾಡಿದವರು ಸಿದ್ದಿಗಳನ್ನು ನೋಡಿರುತ್ತೀರಿ. ಅವರ ಪೂರ್ವಜರು ಆಫ್ರಿಕಾದವರು. ಹಲವರನ್ನು ಪೋರ್ಚುಗೀಸರು ಗುಲಾಮರನ್ನಾಗಿ ಗೋವೆಗೆ ತಂದರು. ಅಲ್ಲಿಂದ ತಪ್ಪಿಸಿಕೊಂಡವರು ಘಟ್ಟದ ಕಾಡು ಸೇರಿದರು. ಇನ್ನು ಕೆಲವರು ಅರಬ್ ವ್ಯಾಪಾರಿಗಳ ಮೂಲಕ ದಖ್ಖನಿನ ಸುಲ್ತಾನರ ಸೇವೆಗೆ ಬಂದರು. ಅಹಮದ್‌ನಗರದ ಪೇಶ್ವೆಯಾಗಿ ಮೊಗಲರನ್ನು ಎದುರಿಸಿದ ಮಲಿಕ್ ಅಂಬರ್ ಹುಟ್ಟಿದ್ದು ಇಥಿಯೋಪಿಯಾದಲ್ಲಿ. ಹಜರತ್ ಬಿಲಾಲ್ (ರ) ಅವರ ಮೂಲವೂ ಅದೇ ಅಬಿಸೀನಿಯಾ ನಾಡು ಎಂಬುದನ್ನು ನಮ್ಮ ಮಕ್ಕಳಿಗೆ ಬೇರೆ ಹೇಳಬೇಕಿಲ್ಲ. ಇಂದು ಸಿದ್ದಿಗಳಲ್ಲಿ ಹಿಂದೂಗಳಿದ್ದಾರೆ, ಕ್ರೈಸ್ತರಿದ್ದಾರೆ, ಹಳಿಯಾಳದ ಕಡೆ ಮುಸ್ಲಿಮರೂ ಇದ್ದಾರೆ. ಮನೆಯಲ್ಲಿ ಹೆಚ್ಚಿನವರು ಕೊಂಕಣಿ ಆಡಿದರೂ ಪೇಟೆಯಲ್ಲಿ ಕನ್ನಡ ಮಾತನಾಡುತ್ತಾರೆ.

ಇವರಿಗೆ ಪರಿಶಿಷ್ಟ ಪಂಗಡದ ಸ್ಥಾನ ಸಿಕ್ಕಿದ್ದು 2003ರಲ್ಲಿ, ಅದೂ ಉತ್ತರ ಕನ್ನಡ ಜಿಲ್ಲೆಯವರಿಗೆ ಮಾತ್ರ. ಬೆಳಗಾವಿ ಮತ್ತು ಧಾರವಾಡ ಜಿಲ್ಲೆಗಳ ಸಿದ್ದಿಗಳು 2020ರವರೆಗೆ ಕಾಯಬೇಕಾಯಿತು. ಅದೇ ಕಾಡಿನ, ಅದೇ ನೆಂಟಸ್ತಿಕೆಯ ಜನರಲ್ಲಿ ಜಿಲ್ಲೆಯ ಗಡಿಗೆ ಈಚೆ ಇದ್ದವರಿಗೆ ಸೌಲಭ್ಯ ಸಿಕ್ಕಿತು, ಆಚೆ ಇದ್ದವರಿಗೆ ಸಿಗಲಿಲ್ಲ. 1980ರ ದಶಕದಲ್ಲಿ ಭಾರತೀಯ ಕ್ರೀಡಾ ಪ್ರಾಧಿಕಾರ ಓಟಗಾರರನ್ನು ಹುಡುಕಿಕೊಂಡು ಸಿದ್ದಿಗಳ ಹಾಡಿಗಳಿಗೆ ಹೋಗಿತ್ತು. ಆ ಯೋಜನೆ ಕೆಲವು ಒಳ್ಳೆಯ ಕ್ರೀಡಾಪಟುಗಳನ್ನು ಕೊಟ್ಟು ಕೆಲವೇ ವರ್ಷಗಳಲ್ಲಿ ನಿಂತುಹೋಯಿತು. ಈ ಜನರ ಕಾಲಿನ ಬಲ ಅಷ್ಟು ಬೇಗ ಸರ್ಕಾರದ ಕಣ್ಣಿಗೆ ಬಿದ್ದಾಗ, ಅವರ ಗರ್ಭಿಣಿಯರ ರಕ್ತಹೀನತೆ ಯಾಕೆ ಬೀಳಲಿಲ್ಲ ಎಂದು ನಮಗೆ ಅನ್ನಿಸುವುದುಂಟು. ಈಗ ರಾಜ್ಯ ಸರ್ಕಾರ ಕಾಡಂಚಿನ ಬುಡಕಟ್ಟುಗಳಿಗೆ ಕೊಡುವ ಬೇಳೆ, ಬೆಲ್ಲ, ಎಣ್ಣೆ, ಮೊಟ್ಟೆಗಳ ಪೌಷ್ಟಿಕ ಆಹಾರದ ಪಟ್ಟಿಯಲ್ಲಿ ಸಿದ್ದಿಗಳೂ ಸೇರಿದ್ದಾರೆ. ಆದರೆ ದೊಡ್ಡ ಆಸ್ಪತ್ರೆ ಬೇಕೆಂದರೆ ಯಲ್ಲಾಪುರದವರು ಸುಮಾರು 70 ಕಿಲೋಮೀಟರ್ ದೂರದ ಹುಬ್ಬಳ್ಳಿಗೆ ಹೋಗಬೇಕು. ಕೂಲಿ ಮಾಡುವವರಿಗೆ ಅದು ಒಂದು ದಿನದ ದುಡಿಮೆ ಮತ್ತು ಬಸ್ ಖರ್ಚಿನ ಮಾತು.

ಕುಡುಗೋಲು ಕಣ ರೋಗ, ಅಂದರೆ ಸಿಕಲ್ ಸೆಲ್ ಅನೀಮಿಯಾದ ಬಗ್ಗೆ ಸ್ವಲ್ಪ ವಿವರವಾಗಿ ಹೇಳಬೇಕು. ಇದು ಆಫ್ರಿಕಾದಲ್ಲೂ ನಮ್ಮ ದೇಶದ ಅನೇಕ ಬುಡಕಟ್ಟುಗಳಲ್ಲೂ ಇರುವ, ರಕ್ತದ ಮೂಲಕ ವಂಶದಲ್ಲಿ ಇಳಿದುಬರುವ ರೋಗ. ದುಂಡಗಿರಬೇಕಾದ ಕೆಂಪು ರಕ್ತಕಣ ಕುಡುಗೋಲಿನಂತೆ ಬಾಗಿ ಸಣ್ಣ ನಾಳಗಳಲ್ಲಿ ಸಿಕ್ಕಿಕೊಳ್ಳುತ್ತದೆ. ಆಗ ಮೂಳೆ, ಎದೆ, ಹೊಟ್ಟೆಯಲ್ಲಿ ತಡೆಯಲಾಗದ ನೋವು ಬರುತ್ತದೆ, ರಕ್ತ ಕಡಿಮೆಯಾಗುತ್ತದೆ, ಮಕ್ಕಳಿಗೆ ಸೋಂಕು ಬೇಗ ತಗಲುತ್ತದೆ. ತಂದೆ ಅಥವಾ ತಾಯಿ ಒಬ್ಬರಿಂದ ಮಾತ್ರ ಈ ಗುಣ ಬಂದವರನ್ನು ವಾಹಕರು ಎನ್ನುತ್ತಾರೆ. ಅವರು ಸಾಮಾನ್ಯವಾಗಿ ಆರೋಗ್ಯವಾಗಿಯೇ ಇರುತ್ತಾರೆ. ಮಲೇರಿಯಾದಿಂದ ಅವರಿಗೆ ಸ್ವಲ್ಪ ರಕ್ಷಣೆಯೂ ಉಂಟು. ತೊಂದರೆ ಬರುವುದು ವಾಹಕರಿಬ್ಬರು ಮದುವೆಯಾದಾಗ. ಅವರ ಮಗುವಿಗೆ ರೋಗ ಬರುವ ಸಾಧ್ಯತೆ ನಾಲ್ಕರಲ್ಲಿ ಒಂದು. ಮೊದಲ ಮಗುವಿಗೆ ಬಂದರೆ ಉಳಿದ ಮೂವರು ಪಾರು ಎಂದು ಜನ ತಿಳಿಯುತ್ತಾರೆ. ಹಾಗಲ್ಲ, ಪ್ರತಿ ಗರ್ಭಕ್ಕೂ ಲೆಕ್ಕ ಹೊಸದಾಗಿ ಶುರುವಾಗುತ್ತದೆ.

ಕೇಂದ್ರ ಸರ್ಕಾರ 2023ರ ಜುಲೈ 1ರಂದು ಮಧ್ಯಪ್ರದೇಶದ ಶಹಡೋಲ್‌ನಲ್ಲಿ ಈ ರೋಗದ ನಿರ್ಮೂಲನಾ ಅಭಿಯಾನವನ್ನು ಆರಂಭಿಸಿತು. ಬುಡಕಟ್ಟು ಪ್ರದೇಶಗಳಲ್ಲಿ 40 ವರ್ಷದೊಳಗಿನ 7 ಕೋಟಿ ಜನರ ರಕ್ತ ಪರೀಕ್ಷೆ ಮಾಡಿ, ಪ್ರತಿಯೊಬ್ಬರಿಗೂ ಕಾರ್ಡ್ ಕೊಟ್ಟು, 2047ರೊಳಗೆ ರೋಗವನ್ನು ಕೊನೆಗೊಳಿಸುವುದು ಅದರ ಗುರಿ. ರಕ್ತ ಪರೀಕ್ಷೆಯನ್ನು ಶಿಬಿರದಲ್ಲಿಯೇ ಮಾಡಬಹುದು. ಕಾರ್ಡ್ ಕೈಗೆ ಬಂದ ಮರುದಿನವೇ ಕಷ್ಟ ಇರುವುದು. ವಾಹಕಿ ಎಂದು ಬರೆದ ಹುಡುಗಿಯನ್ನು ರೋಗಿ ಎಂದುಕೊಂಡು ಸಂಬಂಧ ಮುರಿದರೆ ಕಾರ್ಡಿನಿಂದ ಹಾನಿಯೇ ಹೆಚ್ಚು. ವಾಹಕಿ ಎಂದರೆ ರೋಗಿಯಲ್ಲ, ಗಂಡು ವಾಹಕನಲ್ಲದಿದ್ದರೆ ಮಕ್ಕಳಿಗೆ ಈ ರೋಗ ಬರುವ ಭಯವಿಲ್ಲ ಎಂದು ಅವಳ ತಾಯಿಗೆ ತಾಯಿಯ ಮಾತಿನಲ್ಲಿ, ಎರಡು ಮೂರು ಸಲ ಕುಳಿತು ಹೇಳುವವರು ಬೇಕು. ರೋಗವಿದ್ದ ಮಗು ಹೈಡ್ರಾಕ್ಸಿಯೂರಿಯಾ ಮಾತ್ರೆ ಬಿಡದೆ ನುಂಗುತ್ತಿದೆಯೇ, ನೀರು ಚೆನ್ನಾಗಿ ಕುಡಿಯುತ್ತಿದೆಯೇ ಎಂದು ವಾರ ವಾರ ನೋಡುವವರು ಬೇಕು.

ಇದು ನಮಗೆ ಸಂಬಂಧವಿಲ್ಲದ ಮಾತಲ್ಲ. ಸೋದರಿಕೆಯಲ್ಲಿ ಮದುವೆ ಮಾಡುವ ರೂಢಿ ನಮ್ಮಲ್ಲೂ ಇದೆ. ಥಲಸ್ಸೀಮಿಯಾ ಎಂಬ ಇನ್ನೊಂದು ರಕ್ತದ ರೋಗ ಇದೇ ಲೆಕ್ಕದಲ್ಲಿ ವಂಶದಲ್ಲಿ ಇಳಿಯುತ್ತದೆ. ಸೌದಿ ಅರೇಬಿಯಾದಲ್ಲಿ ಮದುವೆಗೆ ಮೊದಲು ಈ ಎರಡೂ ರೋಗಗಳ ಪರೀಕ್ಷೆ 2004ರಿಂದ ಕಡ್ಡಾಯ. ನಿಕಾಹ್ ಬೇಡ ಎನ್ನುವ ಕಾನೂನು ಅದಲ್ಲ. ತಿಳಿದು ನಿರ್ಧರಿಸಿ ಎನ್ನುತ್ತದೆ ಅಷ್ಟೆ. ನಮ್ಮ ಜಮಾತ್‌ಗಳಲ್ಲೂ ಈ ಮಾತು ಎತ್ತುವ ಕಾಲ ಬಂದಿದೆ ಎಂಬುದು ನಮ್ಮ ಅಭಿಪ್ರಾಯ.

ಊರಿನವರೇ ಜೊತೆಗಿದ್ದರೆ ಏನಾಗುತ್ತದೆ ಎಂಬುದಕ್ಕೆ ಕರ್ನಾಟಕದಲ್ಲೇ ಉದಾಹರಣೆ ಇದೆ. ಬಿಳಿಗಿರಿರಂಗನ ಬೆಟ್ಟದಲ್ಲಿ ಡಾ. ಎಚ್. ಸುದರ್ಶನ್ 1981ರಲ್ಲಿ ವಿವೇಕಾನಂದ ಗಿರಿಜನ ಕಲ್ಯಾಣ ಕೇಂದ್ರವನ್ನು ಆರಂಭಿಸಿದರು. ಸೋಲಿಗರಿಗೆ ಔಷಧ ಕೊಡುವುದರ ಜೊತೆಗೆ ಶಾಲೆ ನಡೆಸಿ, ಬುಡಕಟ್ಟು ಹೆಣ್ಣುಮಕ್ಕಳನ್ನೇ ದಾದಿಯರನ್ನಾಗಿ ತಯಾರು ಮಾಡಿದ ಸಂಸ್ಥೆ ಅದು. ಅವರದೇ ಕರುಣಾ ಟ್ರಸ್ಟ್ 1996ರಲ್ಲಿ ಗುಂಬಳ್ಳಿಯ ಸರ್ಕಾರಿ ಪ್ರಾಥಮಿಕ ಆರೋಗ್ಯ ಕೇಂದ್ರವನ್ನು ಸರ್ಕಾರದ ಜೊತೆ ಸೇರಿ ನಡೆಸಲು ತೆಗೆದುಕೊಂಡಿತು. ಹೀಗೆ ಸರ್ಕಾರ, ಒಂದು ಟ್ರಸ್ಟ್ ಮತ್ತು ಊರಿನ ಹುಡುಗಿಯರು ಮೂವರೂ ಸೇರಿದರು.

ದೂರದ ಅಮೆರಿಕದಲ್ಲೂ ಆಫ್ರಿಕಾ ಮೂಲದವರ ಕಥೆ ಇದಕ್ಕೆ ಹತ್ತಿರವಾದದ್ದೇ. ಅಲಬಾಮಾ ರಾಜ್ಯದ ಟಸ್ಕೀಗಿಯಲ್ಲಿ 1932ರಿಂದ 1972ರವರೆಗೆ ಅಲ್ಲಿನ ಸರ್ಕಾರಿ ಆರೋಗ್ಯ ಇಲಾಖೆಯೇ ಸಿಫಿಲಿಸ್ ರೋಗವಿದ್ದ 399 ಕಪ್ಪು ಜನಾಂಗದ ಗಂಡಸರನ್ನು ಚಿಕಿತ್ಸೆ ಕೊಡದೆ ಕೇವಲ ಗಮನಿಸುತ್ತ ಕುಳಿತಿತ್ತು. ಪೆನಿಸಿಲಿನ್ ಬಂದ ಮೇಲೂ ಕೊಡಲಿಲ್ಲ. ಇಂಥ ಅನುಭವವಿರುವ ಜನ ಆಸ್ಪತ್ರೆಯ ಮೆಟ್ಟಿಲು ಹತ್ತಲು ಹಿಂಜರಿದರೆ ಅದನ್ನು ಅಜ್ಞಾನ ಎನ್ನಲಾಗದು. ಹಾಗಾಗಿ ಲಾಸ್ ಏಂಜಲೀಸ್‌ನಲ್ಲಿ ವೈದ್ಯರು ಅವರ ಕ್ಷೌರದಂಗಡಿಗಳಿಗೇ ಹೋದರು. 52 ಅಂಗಡಿಗಳು, ರಕ್ತದೊತ್ತಡ ಹೆಚ್ಚಿದ್ದ 319 ಗಿರಾಕಿಗಳು. ಕೆಲವು ಅಂಗಡಿಗಳಲ್ಲಿ ಕ್ಷೌರಿಕರು ಡಾಕ್ಟರಿಗೆ ತೋರಿಸಿ ಎಂದು ಸಲಹೆ ಮಾತ್ರ ಕೊಟ್ಟರು. ಉಳಿದ ಕಡೆ ಔಷಧ ತಜ್ಞರೊಬ್ಬರು ಮತ್ತೆ ಮತ್ತೆ ಅಂಗಡಿಗೇ ಬಂದು ಬಿಪಿ ನೋಡಿ ಮಾತ್ರೆ ಹೊಂದಿಸಿದರು. 2018ರಲ್ಲಿ ಪ್ರಕಟವಾದ ಫಲಿತಾಂಶದ ಪ್ರಕಾರ, ಆರು ತಿಂಗಳಲ್ಲಿ ಮೇಲಿನ ಬಿಪಿ ಸಲಹೆ ಕೊಟ್ಟ ಕಡೆ ಸರಾಸರಿ 9 ಅಂಕ ಇಳಿದರೆ, ತಜ್ಞರು ಬಂದ ಕಡೆ 27 ಅಂಕ ಇಳಿಯಿತು.

ನಮ್ಮ ಶಿಬಿರಗಳು ಈ ಎರಡರಲ್ಲಿ ಯಾವುದಕ್ಕೆ ಹತ್ತಿರ? ಬಿಪಿ, ಶುಗರ್ ನೋಡಿ, ದಾವಣಗೆರೆಗೆ ಹೋಗಿ ತೋರಿಸಿ ಎಂದು ಚೀಟಿ ಬರೆದು ಕಳಿಸುತ್ತಿದ್ದೆವು. ಹೊನ್ನಾಳಿ ಕಡೆಯ ಹಳ್ಳಿಯ ದಾದಿಮಾ ಒಬ್ಬರು ಆ ಚೀಟಿ ಹಿಡಿದು ಹೋದರೂ ಅಲ್ಲಿ ಹೇಳುವುದು ‘ಘಬ್ರಾಹಟ್’, ‘ಚಕ್ಕರ್’ ಎಂದು. ಘಬ್ರಾಹಟ್ ಎಂದರೆ ಎದೆ ಹೊಡೆದುಕೊಳ್ಳುವುದೂ ಆಗಬಹುದು, ಬರಿಯ ಗಾಬರಿಯೂ ಆಗಬಹುದು. ಅವರಿಗೆ ಆಗುತ್ತಿರುವುದು ಯಾವುದು ಎಂದು ಬಿಡಿಸಿ ಕೇಳಲು ಅವರ ಭಾಷೆ ಬಲ್ಲ ಒಬ್ಬ ನರ್ಸ್ ಬೇಕು. ಅಂಥವರು ನಮ್ಮ ಮೊಹಲ್ಲಾಗಳಿಂದಲೇ ಬರಬೇಕು.

ಪೋಷಕರ ಅಳುಕೂ ನಮಗೆ ಗೊತ್ತಿದೆ. ರಾತ್ರಿ ಪಾಳಿ, ಹಾಸ್ಟೆಲ್, ನೆಂಟರ ಮಾತು. ಪ್ರವಾದಿಯವರ (ಸ) ಕಾಲದಲ್ಲಿ ಗಾಯಾಳುಗಳ ಶುಶ್ರೂಷೆಗೆ ಗುಡಾರ ಹಾಕಿದ್ದ ಹಜರತ್ ರುಫೈದಾ (ರ) ಅವರ ಹೆಸರನ್ನು ಇಲ್ಲಿ ನೆನಪಿಸಿದರೆ ಸಾಕು. ಎಎನ್‌ಎಂ 2 ವರ್ಷ, ಜಿಎನ್‌ಎಂ 3 ವರ್ಷ, ಬಿಎಸ್ಸಿ ನರ್ಸಿಂಗ್ 4 ವರ್ಷದ ಓದು. ಮೊದಲ ವರ್ಷ ಸಹಾಯ ಮಾಡಿ ಎರಡನೇ ವರ್ಷ ಕೈಬಿಟ್ಟರೆ ಹುಡುಗಿ ಮನೆಗೆ ಮರಳುತ್ತಾಳೆ. ಆದ್ದರಿಂದ ಆಯ್ಕೆಯಾದವರಿಗೆ ಕೋರ್ಸ್ ಮುಗಿಯುವವರೆಗೂ ನೆರವು ಕೊಡಲು ಸಮಿತಿ ತೀರ್ಮಾನಿಸಿದೆ. ಫೀಸಿನ ಜೊತೆ ಬಸ್ ಪಾಸ್ ಮತ್ತು ಹಾಸ್ಟೆಲ್ ಖರ್ಚೂ ಸೇರಿದೆ. ಶಿಬಿರಗಳು ಪೂರ್ತಿ ನಿಂತಿಲ್ಲ. ಓದು ಮುಗಿಸಿದ ಮಕ್ಕಳು ಅವುಗಳಲ್ಲಿ ಕೆಲಸ ಮಾಡಿ, ಹೆಸರು ಬರೆದುಕೊಂಡವರ ಮನೆಗೆ ಮತ್ತೆ ಹೋಗಬೇಕು ಎಂಬುದು ನಮ್ಮ ಕೋರಿಕೆ.

ಅರ್ಜಿ ನಮೂನೆ ಮುಂದಿನ ಪುಟದಲ್ಲಿದೆ. ಅಂಕಪಟ್ಟಿ, ಆದಾಯ ಪ್ರಮಾಣಪತ್ರ, ಪ್ರವೇಶ ಪಡೆದ ರಸೀದಿ ಮತ್ತು ವಿದ್ಯಾರ್ಥಿಯ ಹೆಸರಿನಲ್ಲೇ ಇರುವ ಬ್ಯಾಂಕ್ ಪಾಸ್‌ಬುಕ್ಕಿನ ಮೊದಲ ಪುಟದ ಜೆರಾಕ್ಸ್ ಲಗತ್ತಿಸಿ. ನರ್ಸಿಂಗ್ ಸೇರುವವರು ಫೀಸು ಕಟ್ಟುವ ಮೊದಲೇ ಕಾಲೇಜಿಗೆ ಕರ್ನಾಟಕ ರಾಜ್ಯ ನರ್ಸಿಂಗ್ ಕೌನ್ಸಿಲ್ ಮಾನ್ಯತೆ ಇದೆಯೇ ಎಂದು ವಿಚಾರಿಸಿಕೊಳ್ಳಿ. ನ್ಯಾಮತಿ ಮತ್ತು ಜಗಳೂರಿನವರು ಅರ್ಜಿ ಕೊಡಲು ಕಚೇರಿಯವರೆಗೆ ಬರಬೇಕಾಗಿಲ್ಲ. ತಮ್ಮ ಊರಿನ ಸಮಿತಿ ಸದಸ್ಯರ ಕೈಗೆ ಕೊಟ್ಟರೆ ಸಾಕು.