‘ಲೈಸೆನ್ಸ್ ಬೇಡ’ ಅನ್ನುವ ಸ್ಕೂಟರ್ ಕೈಗಾ ರಸ್ತೆಗೆ ಬಂದರೆ

ಮಲ್ಲಾಪುರದಿಂದ ಚಿಕ್ಕಿ ಫೋನ್ ಮಾಡಿದ್ದಳು. “ತಮಾ, ನೀ ಎಂಜಿನಿಯರಿಂಗ್ ಓದಿದವ, ಒಂದು ವಿಷಯ ಹೇಳು” ಅಂತ ಶುರು. ಆ ಕೆಲಸ ಬಿಟ್ಟು ಸುದ್ದಿ ಬರೆಯೋಕೆ ಬಂದು ವರ್ಷಗಳಾದವು, ಆದರೂ ನಮ್ಮ ಕಡೆ ಮಿಕ್ಸಿ ಕೆಟ್ಟರೆ ಇವತ್ತಿಗೂ ನನಗೇ ಫೋನ್. ಈ ಸಲ ವಿಷಯ ಸ್ಕೂಟರ್. ಮಗನಿಗೆ ಹದಿನಾರು ತುಂಬಿದೆ, ಪಿಯುಸಿಗೆ ಸೇರಿದ್ದಾನೆ, ಬಸ್ಸು ಸಮಯಕ್ಕೆ ಸಿಗುವುದಿಲ್ಲ. ಅಂಗಡಿಯವರು “ಲೈಸೆನ್ಸ್ ಬೇಡ, ಆರ್‌ಟಿಒ ಬೇಡ, ಇನ್ಶೂರೆನ್ಸೂ ಬೇಡ, ಹುಡುಗರೇ ಓಡಿಸಬಹುದು” ಅಂದಿದ್ದಾರೆ. ಅಷ್ಟಕ್ಕೇ ನಿಂತಿದ್ದರೆ ನಾನು ‘ತಕೋ’ ಅಂತಲೇ ಹೇಳುತ್ತಿದ್ದೆನೇನೋ. ಆದರೆ ಜೊತೆಗೆ ಇನ್ನೊಂದು ಮಾತೂ ಸೇರಿಸಿದ್ದರಂತೆ: “ಸೀಟಿನ ಕೆಳಗೆ ಒಂದು ವೈರ್ ಇದೆ, ಅದನ್ನ ತೆಗೆದರೆ 45ರಲ್ಲಿ ಹೋಗ್ತದೆ.”

ಅಂಗಡಿಯವರ ಮೊದಲ ಮಾತು ಸುಳ್ಳಲ್ಲ. ಕೇಂದ್ರ ಮೋಟಾರು ವಾಹನ ನಿಯಮಗಳಲ್ಲಿ 2(ಯು) ಅಂತ ಒಂದು ಉಪನಿಯಮ ಇದೆ. ಬ್ಯಾಟರಿ ಗಾಡಿಯ ಮೋಟಾರು 30 ನಿಮಿಷ ಸತತವಾಗಿ ಕೊಡಬಲ್ಲ ಶಕ್ತಿ 250 ವಾಟ್‌ಗಿಂತ ಕಡಿಮೆ ಇರಬೇಕು, ಗರಿಷ್ಠ ವೇಗ ಗಂಟೆಗೆ 25 ಕಿ.ಮೀ.ಗಿಂತ ಕಡಿಮೆ ಇರಬೇಕು, ಬ್ಯಾಟರಿ ಬಿಟ್ಟು ತೂಕ 60 ಕೆ.ಜಿ. ದಾಟಬಾರದು. ಸರ್ಕಾರ ಒಪ್ಪಿದ ಪರೀಕ್ಷಾ ಸಂಸ್ಥೆ ಇದನ್ನು ಪ್ರಮಾಣೀಕರಿಸಿರಬೇಕು. ಇಷ್ಟೂ ಇದ್ದರೆ ಕಾನೂನಿನ ಕಣ್ಣಿಗೆ ಅದು ಮೋಟಾರು ವಾಹನವೇ ಅಲ್ಲ. ಹತ್ತಿರ ಹತ್ತಿರ ಸೈಕಲ್ ಇದ್ದ ಹಾಗೆ. ಹಾಗಾಗಿ ನೋಂದಣಿ, ವಿಮೆ, ಲೈಸೆನ್ಸ್, ಹೆಲ್ಮೆಟ್ ಯಾವುದೂ ಕಡ್ಡಾಯವಲ್ಲ.

ಈ ಷರತ್ತುಗಳಲ್ಲಿ ಒಂದು ತಪ್ಪಿದರೂ ವಿನಾಯಿತಿ ಪೂರ್ತಿ ಹೋಯಿತು. ವೈರ್ ತೆಗೆದ ಆ ಕ್ಷಣಕ್ಕೆ ಚಿಕ್ಕಿಯ ಮಗ ನೋಂದಣಿ ಇಲ್ಲದ, ವಿಮೆ ಇಲ್ಲದ ಮೋಟಾರು ವಾಹನವನ್ನು ಲೈಸೆನ್ಸ್ ಇಲ್ಲದೆ ಓಡಿಸುತ್ತಿರುವ ಅಪ್ರಾಪ್ತ.

2019ರ ತಿದ್ದುಪಡಿಯಲ್ಲಿ ಮೋಟಾರು ವಾಹನ ಕಾಯ್ದೆಗೆ 199ಎ ಅನ್ನುವ ಕಲಂ ಬಂತು. ಅಪ್ರಾಪ್ತರು ಗಾಡಿ ಓಡಿಸಿ ಅಪರಾಧವಾದರೆ ಅಪ್ಪ-ಅಮ್ಮ ಅಥವಾ ಗಾಡಿ ಮಾಲೀಕರೇ ತಪ್ಪಿತಸ್ಥರು. 3 ವರ್ಷದವರೆಗೆ ಜೈಲು, 25,000 ರೂಪಾಯಿ ದಂಡ. ಆ ಹುಡುಗನಿಗೆ 25 ವರ್ಷ ತುಂಬುವವರೆಗೆ ಲೈಸೆನ್ಸ್ ಸಿಗುವುದಿಲ್ಲ. ತನಗೆ ಗೊತ್ತಿರಲಿಲ್ಲ ಅಂತ ಪೋಷಕರು ಸಾಬೀತು ಮಾಡಿದರೆ ಪಾರಾಗಬಹುದು, ಆದರೆ ಆ ವೈರ್ ವಿಷಯ ಫೋನಿನಲ್ಲಿ ನನ್ನ ಹತ್ತಿರ ಕೇಳಿದವಳೇ ಚಿಕ್ಕಿ!

ದಂಡಕ್ಕಿಂತ ನನಗೆ ಹೆದರಿಕೆ ವಿಮೆಯದ್ದು. ವಿಮೆ ಇರುವ ಸ್ಕೂಟರ್ ಯಾರಿಗಾದರೂ ಗುದ್ದಿದರೆ ಪರಿಹಾರದ ಹೊಣೆ ವಿಮಾ ಕಂಪನಿ ಮೇಲೆ ಬೀಳುತ್ತದೆ. ಇಲ್ಲದಿದ್ದರೆ ಅಪಘಾತ ಪರಿಹಾರ ನ್ಯಾಯಮಂಡಳಿ ಹೇಳಿದ ಮೊತ್ತವನ್ನು ಮಾಲೀಕರೇ ಕೊಡಬೇಕು. ದುಡಿಯುವ ಮನುಷ್ಯನೊಬ್ಬ ಸತ್ತರೆ ಆ ಮೊತ್ತ ಲಕ್ಷಗಳಲ್ಲಿ ಇರುತ್ತದೆ. ತೋಟ ಮಾರಬೇಕಾಗುತ್ತದೆ. 2022ರ ಜೂನ್‌ನಲ್ಲಿ ಬಂದ ದರಪಟ್ಟಿಯಲ್ಲಿ 3 ಕಿಲೋವಾಟ್‌ವರೆಗಿನ ಇ-ಸ್ಕೂಟರ್‌ನ ಥರ್ಡ್ ಪಾರ್ಟಿ ಪ್ರೀಮಿಯಂ ವರ್ಷಕ್ಕೆ 457 ರೂಪಾಯಿ. ಅಷ್ಟನ್ನು ಉಳಿಸೋಕೆ ಹೋಗಿ ಇಷ್ಟು ದೊಡ್ಡ ಹೊಣೆ ತಲೆ ಮೇಲೆ ಎಳೆದುಕೊಳ್ಳುವುದು.

“ಹಾಗಾದ್ರೆ ವೈರ್ ಮುಟ್ಟದೇ 25ರಲ್ಲೇ ಓಡಿಸ್ಲಿ” ಅಂದಳು ಚಿಕ್ಕಿ. ಕಾನೂನಿನ ಪ್ರಕಾರ ಸರಿ. ರಸ್ತೆಯ ಪ್ರಕಾರ?

250 ವಾಟ್ ಅಂದರೆ ಎಷ್ಟು ಅಂತ ನೋಡೋಣ. ಗಾಡಿ, ಬ್ಯಾಟರಿ, ಇಬ್ಬರು ಸವಾರರು ಸೇರಿ 200 ಕೆ.ಜಿ. ಅಂದುಕೊಳ್ಳಿ. ನೂರು ಮೀಟರಿಗೆ ಆರು ಮೀಟರ್ ಏರುವ ಚಡಾವಿನಲ್ಲಿ ಈ ತೂಕವನ್ನು ಮೇಲೆ ತಳ್ಳಲು, ಟೈರಿನ ಘರ್ಷಣೆಯೂ ಸೇರಿ, ಸುಮಾರು 150 ನ್ಯೂಟನ್ ಬಲ ಬೇಕು. ಶಕ್ತಿಯನ್ನು ಬಲದಿಂದ ಭಾಗಿಸಿದರೆ ವೇಗ ಸಿಗುತ್ತದೆ: ಗಂಟೆಗೆ 6 ಕಿ.ಮೀ. ಅಂದರೆ ಚುರುಕಾಗಿ ನಡೆಯುವವರ ವೇಗ. ಮೋಟಾರು ಸ್ವಲ್ಪ ಹೊತ್ತು ಇದಕ್ಕಿಂತ ಹೆಚ್ಚು ಶಕ್ತಿ ಕೊಡಬಲ್ಲದು, ಆಮೇಲೆ ಬಿಸಿಯಾಗಿ ಕೈಕೊಡುತ್ತದೆ. ಒಬ್ಬನೇ ಕೂತರೂ 9 ದಾಟುವುದು ಕಷ್ಟ. ಕಾರವಾರದ ಬೀಚ್ ರಸ್ತೆಯಲ್ಲಿ, ಅಂಕೋಲೆ ಪೇಟೆಯಲ್ಲಿ ಆರಾಮಾಗಿ ಓಡುವ ಗಾಡಿ ಕೈಗಾದಿಂದ ಯಲ್ಲಾಪುರದ ಕಡೆ ಏರುವ ಘಾಟಿಯಲ್ಲಿ ಸವಾರನನ್ನೇ ಇಳಿಸಿ ತಳ್ಳಿಸಿಕೊಳ್ಳುತ್ತದೆ.

ಇನ್ನು ಹೆದ್ದಾರಿ 66. ಹಿಂದಿನಿಂದ ಲಾರಿ 80ರಲ್ಲಿ ಬರುತ್ತಿದೆ, ನೀವು 25ರಲ್ಲಿ ಇದ್ದೀರಿ. ನೂರು ಮೀಟರ್ ಅಂತರ ಆರೂವರೆ ಸೆಕೆಂಡಿನಲ್ಲಿ ಮುಗಿಯುತ್ತದೆ. ಜೂನ್-ಜುಲೈ ಮಳೆಯಲ್ಲಿ, ಸಂಜೆ, ಸಣ್ಣ ಟೇಲ್‌ಲೈಟ್ ಹಚ್ಚಿಕೊಂಡು ಹೋಗುವ ಗಾಡಿ ಆ ಚಾಲಕನ ಕಣ್ಣಿಗೆ ಬೀಳುವುದೇ ಕೊನೆಗೆ. ನಮ್ಮ ಕಡೆ ಬದಲಿ ದಾರಿಯೂ ಇಲ್ಲ. 2024ರ ಜುಲೈ 16ಕ್ಕೆ ಶಿರೂರಿನಲ್ಲಿ ಗುಡ್ಡ ಕುಸಿದಾಗ ಹೆದ್ದಾರಿಯೇ ಬಂದ್ ಆಯಿತು. ಮೂರು ವಾರದಲ್ಲಿ ಕಾಳಿ ನದಿಯ ಹಳೇ ಸೇತುವೆ ಬಿತ್ತು, ಆಮೇಲೆ ಎರಡೂ ದಿಕ್ಕಿನ ಗಾಡಿಗಳು ಹೊಸ ಸೇತುವೆ ಮೇಲೇ ಓಡಿದವು. ಅಂಥ ದಿನಗಳಲ್ಲಿ ಸೇತುವೆ ಮೇಲೆ 25ರ ಗಾಡಿ ಇದ್ದರೆ ಹಿಂದಿನವರ ಹಾರ್ನ್ ಹೇಗಿರುತ್ತದೆ ಅಂತ ಬೇರೆ ಹೇಳಬೇಕಾಗಿಲ್ಲ.

ಹಾಗಂತ ವೈರ್ ತೆಗೆದು 45ಕ್ಕೆ ಏರಿಸುವುದು ಉತ್ತರವಲ್ಲ. ವೇಗ 25ರಿಂದ 45ಕ್ಕೆ ಹೋದರೆ ಚಲನಶಕ್ತಿ ಮೂರು ಪಟ್ಟಿಗಿಂತ ಹೆಚ್ಚಾಗುತ್ತದೆ. ಬ್ರೇಕ್ ಮಾತ್ರ ಅದೇ, 25ಕ್ಕೆ ಲೆಕ್ಕ ಹಾಕಿ ಕೂರಿಸಿದ್ದು. ನಿಲ್ಲೋಕೆ ಬೇಕಾದ ದೂರವೂ ಮೂರು ಪಟ್ಟು, ಒದ್ದೆ ರಸ್ತೆಯಲ್ಲಿ ಇನ್ನೂ ಜಾಸ್ತಿ. ಸದ್ದೂ ಇಲ್ಲದ ಗಾಡಿ, ರಸ್ತೆ ಮೇಲೆ ಮಲಗಿದ ದನಕ್ಕೂ ಗೊತ್ತಾಗುವುದಿಲ್ಲ.

ಹಾಗಾದರೆ ಹಸಿರು ನಂಬರ್ ಪ್ಲೇಟಿನ ಪೂರ್ಣ ವೇಗದ ಇ-ಸ್ಕೂಟರ್ ತಗೊಳ್ಳಬಹುದಾ? ಖಂಡಿತ, ಆದರೆ ಹುಡುಗನಿಗೆ ಈಗಲೇ ಅಲ್ಲ. 16 ವರ್ಷದವರಿಗೆ ಕಾಯ್ದೆ ಕೊಟ್ಟಿರುವ ರಿಯಾಯಿತಿ 50 ಸಿಸಿ ಮೀರದ ಎಂಜಿನ್ನಿಗೆ. ಬ್ಯಾಟರಿ ಗಾಡಿಗೆ ಸಿಸಿಯೇ ಇಲ್ಲ, ಬರೆದವರ ಕಾಲಕ್ಕೆ ಇಂಥ ಗಾಡಿ ಕಣ್ಣಮುಂದೆ ಇರಲಿಲ್ಲ. 18 ತುಂಬುವವರೆಗೆ ಕಾಯುವುದೇ ಕ್ಷೇಮ. ಚಿಕ್ಕಿ ತಾನೇ ಓಡಿಸುವುದಾದರೆ ‘ಗೇರ್ ಇಲ್ಲದ ದ್ವಿಚಕ್ರ’ ವರ್ಗದ ಲೈಸೆನ್ಸ್ ಸಾಕು. ಎಲ್ಎಲ್ಆರ್‌ಗೆ ಸಾರಥಿ ಪೋರ್ಟಲಿನಲ್ಲಿ ಆಧಾರ್ ಕೊಟ್ಟು ಮನೆಯಿಂದಲೇ ಪರೀಕ್ಷೆ ಬರೆಯಬಹುದು. ಅದು 6 ತಿಂಗಳು ನಡೆಯುತ್ತದೆ, 30 ದಿನ ಕಳೆದ ಮೇಲೆ ಓಡಿಸಿ ತೋರಿಸುವ ಪರೀಕ್ಷೆ. ಅದಕ್ಕೆ ಮಾತ್ರ ಕೆಎ-30ರ ಕಾರವಾರಕ್ಕೇ ಹೋಗಬೇಕು. ಮಲ್ಲಾಪುರ, ಕದ್ರಾ, ಕೈಗಾದ ದಿನಗೂಲಿಯವರಿಗೆ ಅದು ಒಂದು ದಿನದ ಸಂಬಳ. ಪರೀಕ್ಷೆಯ ಕ್ಯಾಂಪ್ ತಿಂಗಳಿಗೊಮ್ಮೆ ಈ ಕಡೆಯೇ ನಡೆದರೆ ‘ಲೈಸೆನ್ಸ್ ಬೇಡ’ ಅನ್ನುವ ಬೋರ್ಡಿಗೆ ಇಷ್ಟು ಗಿರಾಕಿ ಇರುವುದಿಲ್ಲ ಅಂತ ನನ್ನ ಅಂದಾಜು. ಜನ ಕಾನೂನು ಮುರಿಯುವ ಹುಮ್ಮಸ್ಸಿನಲ್ಲಿ ಆ ಗಾಡಿ ಕೊಳ್ಳುತ್ತಿಲ್ಲ, ಓಡಾಟ ತಪ್ಪಲಿ ಅಂತ ಕೊಳ್ಳುತ್ತಿದ್ದಾರೆ.

ಕೊಳ್ಳುವ ಮುಂಚೆ ಕೇಳಬೇಕಾದ್ದು ಇನ್ನೂ ಕೆಲವು ಇವೆ. ನಿಧಾನದ ಗಾಡಿಯಾದರೆ ಅದೇ ಮಾಡೆಲ್ಲಿನ ಪ್ರಮಾಣಪತ್ರದ ಪ್ರತಿ ಕೈಗೆ ಕೊಡಿ ಅನ್ನಿ, ‘ಬರ್ತದೆ ಬರ್ತದೆ’ ಅಂದರೆ ಎದ್ದು ಬನ್ನಿ. ಐಪಿ67 ಅಂದರೆ ಒಂದು ಮೀಟರ್ ನಿಂತ ನೀರಿನಲ್ಲಿ ಅರ್ಧ ಗಂಟೆ ತಡೆಯುತ್ತದೆ ಅಂತ ಅಷ್ಟೇ. ಹೊಳೆ ಉಕ್ಕಿದ ರಸ್ತೆಯಲ್ಲಿ ನುಗ್ಗಿಸಬಹುದು ಅಂತ ಅರ್ಥವಲ್ಲ. ಕಾರವಾರದ ಉಪ್ಪು ಗಾಳಿ ಕನೆಕ್ಟರುಗಳನ್ನು ತಿನ್ನುತ್ತದೆ, ಅದನ್ನು ವಾರಂಟಿ ಒಪ್ಪುತ್ತದಾ ಕೇಳಿ. ಘಾಟಿಯ ಮೇಲೆ ಮನೆ ಇರುವವರು ಬ್ಯಾಟರಿ ಪೂರ್ತಿ ತುಂಬಿಸಿ ಇಳಿಯಬಾರದು. ತುಂಬಿದ ಬ್ಯಾಟರಿಗೆ ಇಳಿಜಾರಿನ ಶಕ್ತಿ ಹಿಡಿಸುವುದಿಲ್ಲ, ಮೋಟಾರಿನ ಹಿಡಿತ ಸಿಗದೆ ಎಲ್ಲ ಭಾರ ಬ್ರೇಕಿನ ಮೇಲೇ ಬೀಳುತ್ತದೆ. ಇನ್ನು ಚಾರ್ಜಿಂಗ್. ಕೈಗಾದಲ್ಲಿ 220 ಮೆಗಾವಾಟಿನ ನಾಲ್ಕು ರಿಯಾಕ್ಟರ್ ಇವೆ, ಮಳೆಗಾಲದಲ್ಲಿ ಚಿಕ್ಕಿ ಮನೆಯ ಕರೆಂಟ್ ಮಾತ್ರ ಒಂದು ಕೊಂಬೆ ಬಿದ್ದರೆ ಹೋಗುತ್ತದೆ.

ಇಷ್ಟೆಲ್ಲ ಕೇಳಿಸಿಕೊಂಡು ಚಿಕ್ಕಿ “ಅಂವ ಈಗಾಗ್ಲೇ ಬಣ್ಣ ಆರಿಸಿ ಬಂದಾನೆ ತಮಾ, ನೀಲಿ” ಅಂದಳು. ಆಮೇಲೆ ಸ್ವಲ್ಪ ಹೊತ್ತು ಬಿಟ್ಟು, “ನಾನೇ ಕಲ್ತ್ರೆ ನಲವತ್ತೆಂಟಕ್ಕೆ ಲೈಸೆನ್ಸ್ ಕೊಡ್ತಾರಾ?” ಅಂತ ಕೇಳಿದಳು. ಮುಂದಿನ ಭಾನುವಾರ ಎಲ್ಎಲ್ಆರ್ ಅರ್ಜಿ ತುಂಬಿಸೋಕೆ ಕೂತಿದ್ದೇವೆ. ಮಗ ಮುಖ ಊದಿಸಿಕೊಂಡು ಬಸ್ಸಿಗೇ ಹೋಗುತ್ತಿದ್ದಾನಂತೆ.