ಗಾಡಿ ಎಲ್ಲಿ ಹಚ್ಚಬೇಕು?

ಹುಣ್ಣಿಮೆಯ ಬೆಳಿಗ್ಗೆ ನಮ್ಮ ಗೊಬ್ಬೂರಿನಲ್ಲಿ ರಸ್ತೆ ದಾಟಬೇಕೆಂದರೆ ಒಂದಿಷ್ಟು ಹೊತ್ತು ಕಾಯಬೇಕು. ಉಳಿದ ದಿನ ಕಲಬುರಗಿ–ಅಫಜಲಪುರ ದಾರಿಯಲ್ಲಿ ಓಡಾಡುವುದು ಸಾರಿಗೆ ಬಸ್ಸು, ಟಂಟಂ, ತೊಗರಿ ಹೇರಿದ ಟ್ರ್ಯಾಕ್ಟರು, ಹಂಗಾಮಿನಲ್ಲಿ ಕಬ್ಬಿನ ಲಾರಿ. ಹುಣ್ಣಿಮೆಗೆ ಮಾತ್ರ ಕಾರಿನ ಹಿಂದೆ ಕಾರು. ಕೆಎ 32 ನಮ್ಮದೇ ಜಿಲ್ಲೆಯದು, ಕೆಎ 38 ಬೀದರಿನದು, ನಡುನಡುವೆ ಹೈದರಾಬಾದಿನವು. ಚೌಡಾಪುರದಲ್ಲಿ ಅವೆಲ್ಲ ಗಾಣಗಾಪುರದ ದಾರಿ ಹಿಡಿಯುತ್ತವೆ. ಸೊಲ್ಲಾಪುರದ ಕಡೆಯಿಂದ ಅಫಜಲಪುರದ ಮೇಲೆ ಬಂದ ಎಂಎಚ್ ಗಾಡಿಗಳೂ ಅಲ್ಲಿ ಜೊತೆಗೂಡುತ್ತವೆ. ದೇವಲ ಗಾಣಗಾಪುರದ ಓಣಿ ಮುಟ್ಟಿದ ಮೇಲೆ ಯಾತ್ರಿಕನ ಬಾಯಿಂದ ಮೊದಲು ಬರುವ ಮಾತು ದತ್ತನ ಹೆಸರಲ್ಲ. ಕಿಟಕಿ ಇಳಿಸಿ ಆತ ಕೇಳುವುದು, “ಗಾಡಿ ಎಲ್ಲಿ ಹಚ್ಚಬೇಕ್ರೀ?”

ನಮ್ಮ ಕಡೆ ಗಾಡಿ ನಿಲ್ಲಿಸುವುದಿಲ್ಲ, ಹಚ್ಚುತ್ತಾರೆ. ಈ ಪ್ರಶ್ನೆಗೆ ಉತ್ತರ ಹೇಳುವ ಕೆಲಸ ಯಾರದು, ಉತ್ತರದ ಜೊತೆ ಹರಿದುಕೊಡುವ ಪಾವತಿ ಎಲ್ಲಿಂದ ಬಂತು, ಆ ದುಡ್ಡು ಎಲ್ಲಿಗೆ ಹೋಗಬೇಕು ಎಂದು ಹುಡುಕುತ್ತ ಹೊರಟರೆ ದಾರಿ ಬಂಡಿಯ ಕಾಲಕ್ಕೆ ಒಯ್ಯುತ್ತದೆ.

ಗಾಣಗಾಪುರ, ದತ್ತನ ಅವತಾರವೆಂದು ಭಕ್ತರು ನಂಬುವ ನರಸಿಂಹ ಸರಸ್ವತಿಗಳಿಂದ ಬೆಳೆದ ಕ್ಷೇತ್ರ. ಊರೊಳಗೆ ನಿರ್ಗುಣ ಪಾದುಕೆಗಳ ಮಠ. ಊರ ಹೊರಗೆ ಭೀಮಾ ಮತ್ತು ಅಮರ್ಜಾ ಕೂಡುವ ಸಂಗಮ, ಅಲ್ಲಿ ಔದುಂಬರ ವೃಕ್ಷ. ಅಮರ್ಜಾ ಆಳಂದ ತಾಲ್ಲೂಕಿನಿಂದ ಹರಿದುಬರುವ ನದಿ. ಜಾತ್ರೆಗೆ ಬಂದ ಬಂಡಿಗಳಿಗೆ ನದಿ ದಂಡೆಯ ಬಯಲು ಸಾಕಿತ್ತು. ಕೊಳ್ಳ ಹರಿದು ಎತ್ತುಗಳನ್ನು ಗಾಲಿಗೆ ಕಟ್ಟಿದರೆ ಮುಗಿಯಿತು. ಅಲ್ಲಿ ಬಂಡಿಯೇ ಮನೆ. ಅದರ ನೆರಳಿನಲ್ಲಿ ರೊಟ್ಟಿ ಬುತ್ತಿ ಬಿಚ್ಚುತ್ತಿದ್ದರು, ಅದರ ಕೆಳಗೇ ಮಲಗುತ್ತಿದ್ದರು. ಎತ್ತಿಗೆ ಕಣಿಕಿ ಬೇಕು, ನೀರು ಬೇಕು. ನಿಂತ ಬಂಡಿಯಿಂದ ಊರಿಗೆ ವ್ಯಾಪಾರವಾಗುತ್ತಿತ್ತು, ಸಗಣಿ ಹೊಲಕ್ಕೆ ಗೊಬ್ಬರವಾಗುತ್ತಿತ್ತು. ನಿಂತ ಕಾರು ಕಣಿಕಿ ಕೇಳುವುದಿಲ್ಲ, ಸಗಣಿ ಹಾಕುವುದಿಲ್ಲ, ಅದರ ಕೆಳಗೆ ಯಾರೂ ಮಲಗುವುದಿಲ್ಲ. ನೆಲ ಹಿಡಿಯುತ್ತದೆ, ಅಷ್ಟೇ.

1871ರಲ್ಲಿ ಸೊಲ್ಲಾಪುರ–ರಾಯಚೂರು ರೈಲು ಮಾರ್ಗ ಪೂರ್ಣವಾದ ಮೇಲೆ ಗಾಣಗಾಪುರ ರೋಡ್ ಎಂಬ ನಿಲ್ದಾಣವೇ ಈ ಕ್ಷೇತ್ರದ ಹೆಸರಿನಲ್ಲಿ ಬಂತು. ಅಲ್ಲಿಂದ ಕ್ಷೇತ್ರಕ್ಕೆ ಇಪ್ಪತ್ತು ಕಿಲೋಮೀಟರಿನಷ್ಟು ದಾರಿ. 1932ರಲ್ಲಿ ಹೈದರಾಬಾದ್ ಸಂಸ್ಥಾನದ ನಿಜಾಮ್ ಸ್ಟೇಟ್ ರೈಲ್ವೆ 27 ಬಸ್ಸುಗಳೊಂದಿಗೆ ರಸ್ತೆ ಸಾರಿಗೆ ಶುರುಮಾಡಿತು. ರೈಲಾಗಲಿ ಬಸ್ಸಾಗಲಿ ಜನರನ್ನು ಇಳಿಸಿ ಮುಂದೆ ಹೋಗುತ್ತವೆ. ಬಂದವರು ತಿರುಗಿ ಹೋಗುವವರೆಗೂ ಅವರ ಜೊತೆ ಅಲ್ಲೇ ಕಾಯುವ ಗಾಡಿ ಬಂದದ್ದು ಕಾರು ಮನೆಮನೆಗೆ ತಲುಪಿದ ಮೇಲೆ, ಕಳೆದ ಮೂರು ದಶಕಗಳಲ್ಲಿ.

ಈ ನೆಲದ ಲೆಕ್ಕ ಸ್ವಲ್ಪ ಬಿಡಿಸಿ ನೋಡಬೇಕು. ನಗರ ಯೋಜನೆಯವರು ಬಯಲಿನಲ್ಲಿ ಒಂದು ಕಾರಿಗೆ, ಒಳಗೆ ಬರುವ ಹೊರಗೆ ಹೋಗುವ ದಾರಿ ಸೇರಿಸಿ, 23 ಚದರ ಮೀಟರು ಹಿಡಿಯುತ್ತಾರೆ. ಸಾವಿರ ಕಾರು ಎಂದಿಟ್ಟುಕೊಂಡರೆ 23,000 ಚದರ ಮೀಟರು. ನಮ್ಮ ಭಾಷೆಯಲ್ಲಿ ಐದು ಎಕರೆ ಇಪ್ಪತ್ತೇಳು ಗುಂಟೆ. ಒಂದು ಕುಟುಂಬ ತೊಗರಿ ಬೆಳೆದು ಬದುಕುವಷ್ಟು ಹೊಲ ಅದು. ಅಷ್ಟು ನೆಲವನ್ನು ವರ್ಷದಲ್ಲಿ ಎಷ್ಟು ದಿನಕ್ಕೆ ಕೇಳುತ್ತಿದ್ದೇವೆ? ಹುಣ್ಣಿಮೆಗಳು, ಅವುಗಳಲ್ಲೇ ಸೇರಿದ ದತ್ತ ಜಯಂತಿ ಮತ್ತು ಗುರುಪೂರ್ಣಿಮೆ, ಮಾಘದ ಗುರುಪ್ರತಿಪದೆ, ಅಮಾವಾಸ್ಯೆಗಳು. ನಡುವಿನ ಗುರುವಾರಗಳಿಗೆ ಕಡಿಮೆ ಜಾಗ ಸಾಕು. ಮಿಕ್ಕ ದಿನ ಆ ಬಯಲು ಬಿಸಿಲು ಕಾಯುತ್ತದೆ.

ಇನ್ನು ಮಣ್ಣು. ನಮ್ಮದು ಎರೆ. ಮಾಘದಲ್ಲಿ ತೊಗರಿ ರಾಶಿಯಾಗಿ ಹೊಲ ಖಾಲಿ ಇರುತ್ತದೆ, ಕಾರು ಹಚ್ಚಬಹುದು. ಮಾರ್ಗಶಿರದ ದತ್ತ ಜಯಂತಿಗೆ ತೊಗರಿ ಇನ್ನೂ ನಿಂತಿರುತ್ತದೆ, ಹೊಲದವನು ಒಪ್ಪುವುದಿಲ್ಲ. ಆಷಾಢದ ಗುರುಪೂರ್ಣಿಮೆಗೆ ಮಳೆ. ಒಂದು ಹದ ಮಳೆ ಬಿದ್ದ ಎರೆಯಲ್ಲಿ ಕಾರಿನ ಗಾಲಿ ನಾಲ್ಕು ಸುತ್ತು ತಿರುಗಿ ಐದನೆಯ ಸುತ್ತಿಗೆ ಹೂತುಬಿಡುತ್ತದೆ. ಮಣ್ಣು ಟೈರಿಗೆ ಹತ್ತಿಕೊಂಡು ಮಡ್‌ಗಾರ್ಡ್ ತುಂಬುತ್ತದೆ. ನಾನೂ ಒಂದು ಆಷಾಢದಲ್ಲಿ ಹೀಗೆ ಸಿಕ್ಕಿಬಿದ್ದಿದ್ದೇನೆ. ದುಡ್ಡು ಕೊಟ್ಟು ಪಾವತಿ ತೆಗೆದುಕೊಂಡೇ ಹೊಲಕ್ಕೆ ಇಳಿಸಿದ್ದೆ. ಸಂಜೆ ಟ್ರ್ಯಾಕ್ಟರಿಗೆ ಹಗ್ಗ ಕಟ್ಟಿ ಎಳೆಸಿಕೊಳ್ಳಲು ಪಾವತಿಯ ಹಲವು ಪಟ್ಟು ಕೊಡಬೇಕಾಯಿತು. ಪಾವತಿ ಹರಿದವರು ಅಷ್ಟೊತ್ತಿಗೆ ಮನೆ ಸೇರಿದ್ದರು. ನದಿ ದಂಡೆಗೆ ಹೋದರಾದರೂ ನೆಮ್ಮದಿಯೇ ಎಂದರೆ, 2020ರ ಅಕ್ಟೋಬರಿನಲ್ಲಿ ಭೀಮೆ ಉಕ್ಕಿ ಸಂಗಮವನ್ನೇ ಮುಳುಗಿಸಿದ್ದನ್ನು ಈ ಸೀಮೆ ಮರೆತಿಲ್ಲ. ಹಾಗಾಗಿ ಇಲ್ಲಿ ಗಾಡಿ ಹಚ್ಚುವ ಜಾಗವೆಂದರೆ ಹಗ್ಗ ಕಟ್ಟಿ ಗಡಿ ಗುರುತಿಸಿದ ಹೊಲ ಆಗಲಾರದು. ಎತ್ತರದ ನೆಲ ಬೇಕು, ಮುರುಮು ಹಾಸಿ ರೋಲರ್ ಹೊಡೆಸಬೇಕು, ಬದಿಗೆ ನೀರು ಹರಿದುಹೋಗಲು ಕಾಲುವೆ ತೋಡಬೇಕು. ಅದಕ್ಕೆ ದುಡ್ಡು ಬೇಕು.

ಯಾತ್ರಿಕನಿಂದ ದುಡ್ಡು ತೆಗೆದುಕೊಳ್ಳುವುದು ಹಳೆಯ ಕತೆ. ಅಕ್ಬರ್ 1563ರಲ್ಲಿ ಯಾತ್ರಾ ತೆರಿಗೆ ರದ್ದುಮಾಡಿದ. ಕಂಪನಿ ಸರ್ಕಾರ ಪುರಿ, ಗಯಾ, ಅಲಹಾಬಾದಿನಲ್ಲಿ ಮತ್ತೆ ವಸೂಲು ಮಾಡಿ 1840ರಲ್ಲಿ ಬಿಟ್ಟಿತು. ಸ್ವತಂತ್ರ ಭಾರತದಲ್ಲೂ ಯಾತ್ರಾಸ್ಥಳಗಳಿಗೆ ಹೋಗುವ ರೈಲು ಪ್ರಯಾಣಿಕರ ಮೇಲೆ ತೆರಿಗೆ ಹಾಕಲು 1956ರಲ್ಲಿ ಒಂದು ಕಾನೂನೇ ಬಂತು. ದೊರೆಗೆ, ಕಂಪನಿಗೆ, ಕೇಂದ್ರಕ್ಕೆ ಇದ್ದ ಈ ಅಧಿಕಾರದ ಒಂದು ಸಣ್ಣ ತುಂಡು ಹಳ್ಳಿಯ ಪಂಚಾಯಿತಿಯ ಕೈಗೂ ಬಂದಿದೆ. 1993ರ ಕರ್ನಾಟಕ ಪಂಚಾಯತ್ ರಾಜ್ ಅಧಿನಿಯಮದ 199ನೇ ಪ್ರಕರಣ ಗ್ರಾಮ ಪಂಚಾಯಿತಿ ಹಾಕಬಹುದಾದ ತೆರಿಗೆ, ಶುಲ್ಕಗಳನ್ನು ಎಣಿಸುತ್ತದೆ. ಕಟ್ಟಡದ ತೆರಿಗೆ, ನೀರಿನ ದರ, ಸಂತೆಯ ಶುಲ್ಕ. ಅವುಗಳ ನಡುವೆ ಜಾತ್ರೆ ಉತ್ಸವಗಳಿಗೆ ಬರುವ ಯಾತ್ರಿಕರ ಮೇಲೆ ಶುಲ್ಕ, ಮತ್ತು ಬಸ್, ಟ್ಯಾಕ್ಸಿ, ಆಟೊ ನಿಲ್ದಾಣಗಳ ಶುಲ್ಕ.

ಈ ಎರಡಕ್ಕೂ ಕಾನೂನು ಒಂದೊಂದು ಷರತ್ತು ಕಟ್ಟಿದೆ. ಪಂಚಾಯಿತಿಯು ನೀರು, ಆರೋಗ್ಯ, ನೈರ್ಮಲ್ಯದ ಏರ್ಪಾಡು ಮಾಡಿದ್ದರೆ ಮಾತ್ರ ಯಾತ್ರಿಕರ ಶುಲ್ಕ. ಪ್ರಯಾಣಿಕರಿಗೆ ಸಾಕಷ್ಟು ಅನುಕೂಲ ಕಲ್ಪಿಸಿದ್ದರೆ ಮಾತ್ರ ನಿಲ್ದಾಣದ ಶುಲ್ಕ. ನಲ್ಲಿ ಮೊದಲು, ಪಾವತಿ ಆಮೇಲೆ. ಇದನ್ನು ಓದಿದ ದಿನ ನನಗೆ ಬಹಳ ಸಂತೋಷವಾಯಿತು. ಎರೆಯಲ್ಲಿ ಹೂತ ಗಾಡಿಯ ಪಕ್ಕ ನಿಂತು ನಾನು ಪಟ್ಟ ಸಿಟ್ಟಿಗೆ ಕಾನೂನಿನಲ್ಲೇ ಜಾಗ ಇತ್ತು.

ಷರತ್ತಿನ ಹಿಂದಿನ ವಿಚಾರಕ್ಕೆ ಗಟ್ಟಿ ರೂಪ ಕೊಟ್ಟದ್ದು ಕನ್ನಡ ನಾಡಿನದೇ ಒಂದು ಮಠದ ಮೊಕದ್ದಮೆ. ಉಡುಪಿಯ ಅಷ್ಟ ಮಠಗಳಲ್ಲಿ ಒಂದಾದ ಶಿರೂರು ಮಠ 1951ರ ಮದ್ರಾಸ್ ಧಾರ್ಮಿಕ ದತ್ತಿ ಕಾನೂನಿನ ವಿರುದ್ಧ ನ್ಯಾಯಾಲಯಕ್ಕೆ ಹೋಯಿತು. ಉಡುಪಿಯನ್ನೂ ಒಳಗೊಂಡ ದಕ್ಷಿಣ ಕನ್ನಡ ಆಗ ಮದ್ರಾಸಿಗೆ ಸೇರಿತ್ತು. ಧಾರ್ಮಿಕ ಸಂಸ್ಥೆಗಳು ತಮ್ಮ ಆದಾಯದ ಒಂದು ಪಾಲನ್ನು ಸರ್ಕಾರದ ಸೇವೆಗೆಂದು ವರ್ಷವರ್ಷ ಕಟ್ಟಬೇಕು ಎಂದಿತ್ತು ಆ ಕಾನೂನು. 1954ರಲ್ಲಿ ಸುಪ್ರೀಂ ಕೋರ್ಟಿನ ಏಳು ನ್ಯಾಯಮೂರ್ತಿಗಳ ಪೀಠ ಅದು ಶುಲ್ಕವಲ್ಲ, ತೆರಿಗೆ ಎಂದಿತು. ದುಡ್ಡು ಸರ್ಕಾರದ ಸಾಮಾನ್ಯ ಬೊಕ್ಕಸಕ್ಕೆ ಹೋಗುತ್ತದೆ, ಸೇವೆಗೆಂದು ಬೇರೆ ತೆಗೆದಿಟ್ಟಿಲ್ಲ ಎಂಬುದು ಮುಖ್ಯ ಕಾರಣ. ತೆರಿಗೆ ಎಲ್ಲರ ಒಳಿತಿಗೆ ಎಲ್ಲಿಗಾದರೂ ಹೋಗಬಹುದು. ಶುಲ್ಕ ಕೊಟ್ಟವನಿಗೆ ಮಾಡುವ ಸೇವೆಯ ಸಲುವಾಗಿ ಇರುವಂಥದು. ಮುಂದಿನ ತೀರ್ಪುಗಳು ಈ ಗಂಟನ್ನು ಸಡಿಲ ಮಾಡಿದವು, ರೂಪಾಯಿಗೆ ರೂಪಾಯಿ ಲೆಕ್ಕ ಬೇಡ ಎಂದವು. ಗಂಟು ಮಾತ್ರ ಬಿಚ್ಚಿಲ್ಲ.

ಗಾಡಿ ಹಚ್ಚುವ ದುಡ್ಡು ಪಂಚಾಯಿತಿಗೆ ಯಾಕೆ ಇಷ್ಟು ಮುಖ್ಯ? ಸರ್ಕಾರದಿಂದ ಬರುವ ಅನುದಾನ ಊರಲ್ಲಿ ಮಲಗುವ ತಲೆ ಎಣಿಸುತ್ತದೆ, ಹುಣ್ಣಿಮೆಗೆ ಬಂದು ಹೋಗುವ ತಲೆ ಎಣಿಸುವುದಿಲ್ಲ. ಹದಿನೈದನೇ ಹಣಕಾಸು ಆಯೋಗ ಹಂಚಿಕೆಗೆ ಮುಖ್ಯವಾಗಿ ಹಿಡಿದದ್ದು 2011ರ ಜನಸಂಖ್ಯೆಯನ್ನು. 2021–22ರಿಂದ 2025–26ರವರೆಗೆ ಅದರಲ್ಲಿ ಶೇ 60ರಷ್ಟು ಕುಡಿಯುವ ನೀರು ಮತ್ತು ನೈರ್ಮಲ್ಯಕ್ಕೆ ಕಟ್ಟಿಹಾಕಿದ ಹಣ, ಶೇ 40 ಮಾತ್ರ ಪಂಚಾಯಿತಿಯ ಇಚ್ಛೆಗೆ ಬಿಟ್ಟದ್ದು. ಹುಣ್ಣಿಮೆಯ ಮರುದಿನ ಕಸ ಎತ್ತುವ ಪೌರಕಾರ್ಮಿಕರಿಗೆ, ಸಂಗಮದ ದಂಡೆಯಲ್ಲಿ ಬಿಟ್ಟುಹೋದ ಬಟ್ಟೆ ಬಳಿಯುವವರಿಗೆ, ನೀರಿನ ಟ್ಯಾಂಕರಿಗೆ ಆ ಲೆಕ್ಕದಲ್ಲಿ ಬೇರೆ ಸಾಲಿಲ್ಲ. ಕಾಣಿಕೆ ಹುಂಡಿಯ ದುಡ್ಡು ಪಂಚಾಯಿತಿಗೆ ಬರುವುದಿಲ್ಲ. ಅದು ಧಾರ್ಮಿಕ ದತ್ತಿ ಕಾನೂನಿನ ಅಡಿಯ ದೇವಸ್ಥಾನದ ಹಣ. ಗಾಣಗಾಪುರದ್ದು ‘ಎ’ ವರ್ಗದ ದೇವಸ್ಥಾನ, ಅಂದರೆ ವರ್ಷಕ್ಕೆ 25 ಲಕ್ಷ ರೂಪಾಯಿ ದಾಟಿದ ಆದಾಯದ್ದು. ಒಂದೇ ಊರಿನಲ್ಲಿ ಎರಡು ಪೆಟ್ಟಿಗೆ. ಬಂದವರನ್ನು ಎಣಿಸಿ ಅವರ ಜೊತೆಗೇ ಪಂಚಾಯಿತಿಯ ಪೆಟ್ಟಿಗೆಗೆ ಬರಬಲ್ಲ ಹಣವೆಂದರೆ ಇಂಥ ಶುಲ್ಕ.

ವಸೂಲಿಯ ರೀತಿಗೂ ಇಲ್ಲಿ ಆಳವಾದ ಬೇರಿದೆ. ಸಂತೆಯ ತೈಬಜಾರಿ (ನೆಲಬಾಡಿಗೆ) ಹರಾಜು ಹಾಕಿದಂತೆ ಗಾಡಿ ಹಚ್ಚುವ ಜಾಗವನ್ನೂ ಹರಾಜು ಹಾಕುತ್ತಾರೆ. ಕೂಗಿದವನು ಒಂದು ವರ್ಷಕ್ಕೆ ಮೊತ್ತ ಕಟ್ಟಿ ತಾನು ವಸೂಲು ಮಾಡಿಕೊಳ್ಳುತ್ತಾನೆ. ನಿಜಾಮರ ಸೀಮೆಯಲ್ಲಿ ಒಂದು ಕಾಲಕ್ಕೆ ಭೂಕಂದಾಯವೂ ಹೀಗೇ ಇಜಾರೆಗೆ ಹೋಗುತ್ತಿತ್ತು. 1853ರಲ್ಲಿ ದಿವಾನರಾದ ಸಾಲಾರ್ ಜಂಗ್ 1865ರ ಜಿಲ್ಲಾಬಂದಿಯ, ಅಂದರೆ ಸಂಸ್ಥಾನವನ್ನು ಜಿಲ್ಲೆಗಳಾಗಿ ವಿಂಗಡಿಸಿದ ಹೊತ್ತಿಗೆ ಅದನ್ನು ತೆಗೆದು ಸಂಬಳದ ಅಧಿಕಾರಿಗಳನ್ನು ಇಟ್ಟರು. ಕಂದಾಯದಿಂದ ಹೋದ ಪದ್ಧತಿ ಅಬಕಾರಿಯಲ್ಲಿ ಉಳಿಯಿತು, ‘ಗುತ್ತೇದಾರ’ ಎಂಬುದು ಆಳಂದ, ಅಫಜಲಪುರದಲ್ಲಿ ಮನೆತನದ ಹೆಸರೇ ಆಯಿತು. ಪಂಚಾಯಿತಿಗೆ ಹರಾಜು ಸುಲಭ: ಹಣ ಒಮ್ಮೆಗೇ ಬರುತ್ತದೆ, ಕಾವಲು ಬೇಡ. ಆದರೆ ಗುತ್ತಿಗೆ ಹಿಡಿದವನ ಕಣ್ಣು ಆ ವರ್ಷದ ವಸೂಲಿಯ ಮೇಲೆ. ಮುಂದಿನ ವರ್ಷ ಹರಾಜು ಯಾರಿಗೋ ಎಂದಮೇಲೆ ಆತ ಮುರುಮು ಯಾಕೆ ಹಾಕಿಸಿಯಾನು? ಹರಾಜಿನ ಷರತ್ತಿನಲ್ಲೇ ನಲ್ಲಿ, ಶೌಚಾಲಯ, ದೀಪ, ಮಳೆಗಾಲದ ದುರಸ್ತಿಯನ್ನು ಬರೆಯದಿದ್ದರೆ ಕಾನೂನಿನ ಷರತ್ತು ಕಾಗದದಲ್ಲೇ ಉಳಿಯುತ್ತದೆ.

ಬೇರೆ ಊರುಗಳೂ ತಮ್ಮ ತಮ್ಮ ದಾರಿ ಹುಡುಕಿಕೊಂಡಿವೆ. ಹಂಪಿಯಲ್ಲಿ ವಿಜಯ ವಿಠ್ಠಲನ ಗುಡಿಗೆ ಹೋಗುವವರು ಗಾಡಿ ದೂರ ಬಿಟ್ಟು ಬ್ಯಾಟರಿ ವಾಹನ ಹತ್ತುತ್ತಾರೆ. ದತ್ತನ ಇನ್ನೊಂದು ನೆಲೆಯಾದ ಬಾಬಾಬುಡನ್‌ಗಿರಿ, ಮುಳ್ಳಯ್ಯನಗಿರಿಗೆ ಚಿಕ್ಕಮಗಳೂರು ಜಿಲ್ಲಾಡಳಿತ 2025ರ ಸೆಪ್ಟೆಂಬರಿನಿಂದ ಆನ್‌ಲೈನ್ ನೋಂದಣಿ ತಂದು ಬೆಳಿಗ್ಗೆ 600, ಮಧ್ಯಾಹ್ನ 600 ವಾಹನಗಳ ಮಿತಿ ಹಾಕಿತು. ಕ್ಯಾಲಿಫೋರ್ನಿಯದ ಹಳೆ ಪ್ಯಾಸಡೀನ ಪೇಟೆಯಲ್ಲಿ 1993ರಲ್ಲಿ ಪಾರ್ಕಿಂಗ್ ಮೀಟರ್ ಹಾಕಲು ಹೋದಾಗ ಅಂಗಡಿಯವರು ಅಡ್ಡಿ ಮಾಡಿದರು. ವಸೂಲಾದ ಹಣ ಅದೇ ಬೀದಿಯ ಪಾದಚಾರಿ ದಾರಿಗೆ, ದೀಪಕ್ಕೆ, ಗಿಡಕ್ಕೆ ಹೋಗುತ್ತದೆಂದು ನಗರಸಭೆ ಮಾತು ಕೊಟ್ಟ ಮೇಲೆ ಒಪ್ಪಿದರು. ಶಿರೂರು ಮಠದ ಪ್ರಕರಣದಲ್ಲಿ ನ್ಯಾಯಾಲಯ ಹೇಳಿದ್ದೂ ಆ ಅಂಗಡಿಯವರು ಕೇಳಿದ್ದೂ ಹೆಚ್ಚುಕಡಿಮೆ ಒಂದೇ.

ದೊಡ್ಡ ದುಡ್ಡಿಗೆ ಬೇರೆ ಬಾಗಿಲುಗಳಿವೆ. ಸವದತ್ತಿಯ ಯಲ್ಲಮ್ಮನ ಗುಡ್ಡಕ್ಕೆ 2024ರ ನವೆಂಬರಿನಲ್ಲಿ ಕೇಂದ್ರ 100 ಕೋಟಿ ರೂಪಾಯಿ ಮಂಜೂರು ಮಾಡಿತು. ಅದು ರಾಜ್ಯಕ್ಕೆ 50 ವರ್ಷದ ಬಡ್ಡಿಯಿಲ್ಲದ ಸಾಲ. ನಮಗೆ 371(ಜೆ) ವಿಧಿಯಿಂದ ಬಂದ ಕಲ್ಯಾಣ ಕರ್ನಾಟಕ ಪ್ರದೇಶ ಅಭಿವೃದ್ಧಿ ಮಂಡಳಿ ಕಲಬುರಗಿಯಲ್ಲೇ ಇದೆ. ಇಂಥ ಹಣದಿಂದ ಮುರುಮು ಹಾಸಬಹುದು, ಶೌಚಾಲಯ ಕಟ್ಟಬಹುದು. ಆ ಶೌಚಾಲಯವನ್ನು ಪ್ರತಿ ಹುಣ್ಣಿಮೆಗೆ ತೊಳೆಯುವವರ ಕೂಲಿ ಮಾತ್ರ ಊರಿನ ದುಡ್ಡಿನಿಂದಲೇ ಹುಟ್ಟಬೇಕು. ಕಟ್ಟುವ ದಿನ ಫೋಟೊ, ತೊಳೆಯುವ ದಿನ ಬೀಗ ಎನ್ನುವಂತಾದ ಕಟ್ಟಡಗಳನ್ನು ನಾನು ಹಲವು ಊರುಗಳಲ್ಲಿ ನೋಡಿ ನೊಂದಿದ್ದೇನೆ. ಬಹುಮಹಡಿ ಪಾರ್ಕಿಂಗ್ ಗಾಣಗಾಪುರಕ್ಕೆ ಬೇಡ ಎಂದೇ ನನ್ನ ಅಭಿಪ್ರಾಯ. ಕೆಲವೇ ದಿನಗಳ ಗದ್ದಲಕ್ಕೆ ವರ್ಷವಿಡೀ ನಿಲ್ಲುವ ಕಾಂಕ್ರೀಟು ಯಾಕೆ? ಚೌಡಾಪುರದ ಆಸುಪಾಸು ಹುಣ್ಣಿಮೆಗಷ್ಟೇ ಗಾಡಿ ಹಚ್ಚುವ ನೆಲ ಮಾಡಿ ಅಲ್ಲಿಂದ ಸಾರಿಗೆ ಬಸ್ಸು ಬಿಟ್ಟರೆ ಊರ ಓಣಿಗೆ ಉಸಿರು ಬರುತ್ತದೆ. ಮಧ್ಯಾಹ್ನ ಐದು ಮನೆ ಮಧುಕರಿ ಬೇಡುತ್ತ ಜೋಳಿಗೆ ಹಿಡಿದು ನಡೆಯುವವರಿಗೆ ಹಾರ್ನಿಲ್ಲದ ದಾರಿ ಸಿಗುತ್ತದೆ.

ಹಾಗೆ ನೆಲ ಕೊಡುವ ರೈತನ ಮಾತೂ ಇದರಲ್ಲಿ ಸೇರಬೇಕು. ಒಂದು ದಿನ ಸಾವಿರ ಕಾರು ತುಳಿದ ಎರೆ ಹೆಂಟೆ ಕಟ್ಟುತ್ತದೆ. ಕುಂಟೆ ಇಳಿಯುವುದಿಲ್ಲ, ಮತ್ತೊಮ್ಮೆ ನೇಗಿಲು ಹೊಡೆಯಬೇಕು. ಮುರುಮು ಹಾಸಿದರಂತೂ ಆ ನೆಲದಲ್ಲಿ ಮತ್ತೆ ಬಿತ್ತುವ ಮಾತಿಲ್ಲ. ಬಾಡಿಗೆ ಎಷ್ಟು, ಎಷ್ಟು ವರ್ಷಕ್ಕೆ, ಪಾವತಿಯಲ್ಲಿ ಅವನ ಪಾಲೇನು ಎಂಬುದು ಗ್ರಾಮಸಭೆಯಲ್ಲಿ ಎಲ್ಲರೆದುರು ಇತ್ಯರ್ಥವಾಗಬೇಕು. ಆರು ತಿಂಗಳಿಗೊಮ್ಮೆಯಾದರೂ ಗ್ರಾಮಸಭೆ ನಡೆಸಬೇಕೆಂದು ಅದೇ ಅಧಿನಿಯಮ ಹೇಳುತ್ತದೆ. ಎಷ್ಟು ಪಾವತಿ ಹರಿದರು, ಎಷ್ಟು ಬಂತು, ಯಾವ ನಲ್ಲಿಗೆ ಹೋಯಿತು ಎಂದು ಪಂಚಾಯಿತಿಯ ಗೋಡೆಯ ಮೇಲೆ ಬಣ್ಣದಲ್ಲಿ ಬರೆಸಲು ಪೇಂಟರನ ಒಂದು ದಿನದ ಕೂಲಿ ಸಾಕು.

ಸಂಜೆ ಏಳಕ್ಕೆ ಕಾರುಗಳು ತಿರುಗಿ ಗೊಬ್ಬೂರಿನ ಮೇಲೆ ಹಾಯುತ್ತವೆ. ಕೆಲವು ಹೋಟೆಲಿನ ಮುಂದೆ ನಿಲ್ಲುತ್ತವೆ. ಗಾಡಿಯಿಂದ ಇಳಿದವರ ಹಣೆಯಲ್ಲಿ ಭಸ್ಮ, ಮಕ್ಕಳ ಕೈಯಲ್ಲಿ ಪೇಢೆಯ ಪೊಟ್ಟಣ. ಗಾಜಿನ ಒಳಗೆ, ಡ್ಯಾಶ್‌ಬೋರ್ಡಿನ ಮೇಲೆ, ಬೆಳಗಿನ ಪಾವತಿ ಇನ್ನೂ ಬಿದ್ದಿರುತ್ತದೆ. ಅಂಗೈಯಷ್ಟು ತೆಳು ಕಾಗದ, ನಡುವೆ ರಬ್ಬರ್ ಮುದ್ರೆ, ಕೆಳಗೆ ಒತ್ತಿ ಬರೆದ ಗಾಡಿಯ ನಂಬರು. ಕಿಟಕಿ ಇಳಿಸಿದಾಗ ಗಾಳಿಗೆ ಹಾರಿ ರಸ್ತೆಗೆ ಬಿದ್ದರೆ ನಮ್ಮೂರ ಹುಡುಗರು ಎತ್ತಿಕೊಳ್ಳುತ್ತಾರೆ, ಮುದ್ರೆಯ ಮೇಲಿನ ಅಕ್ಷರ ಕೂಡಿಸಿ ಓದುತ್ತಾರೆ.