ಗ್ಯಾಸ್ ಟ್ಯೂಬಿಗೂ ಆಯುಷ್ಯವಿದೆ

ರಮಝಾನ್ ಹತ್ತಿರ ಬಂದಿದೆ. ಖರ್ಜೂರ, ಕಡಲೆಹಿಟ್ಟು, ಶರಬತ್ತು ಎಂದು ಸಾಮಾನಿನ ಪಟ್ಟಿ ಬರೆಯುವಾಗ ಅದಕ್ಕೊಂದು ಸಾಲು ಸೇರಿಸಿ: ಗ್ಯಾಸ್ ಟ್ಯೂಬ್. ಸಹರಿಗೆ ನಿದ್ದೆಗಣ್ಣಿನಲ್ಲಿ ಒಲೆ ಹಚ್ಚುವ, ಇಫ್ತಾರಿಗೆ ಅವಸರದಲ್ಲಿ ಎಣ್ಣೆ ಕಾಯಿಸುವ ತಿಂಗಳಿದು.

ಸಿಲಿಂಡರ್ ಖಾಲಿಯಾದಾಗ ಬದಲಾಗುತ್ತದೆ. ಟ್ಯೂಬ್ ಮಾತ್ರ ವರ್ಷಗಟ್ಟಲೆ ಅಲ್ಲೇ ಇರುತ್ತದೆ. ಒಲೆಯ ಬಿಸಿಗೆ ರಬ್ಬರ್ ಗಡಸಾಗುತ್ತದೆ, ಮಡಚಿದಲ್ಲಿ ಬಿರುಕು ಬಿಡುತ್ತದೆ, ಇಲಿ ಕಚ್ಚುವುದೂ ಉಂಟು. ಒಳಗೆ ಉಕ್ಕಿನ ತಂತಿಯಿರುವ ಕಿತ್ತಳೆ ಬಣ್ಣದ 'ಸುರಕ್ಷಾ' ಟ್ಯೂಬನ್ನೂ 5 ವರ್ಷಕ್ಕೊಮ್ಮೆ ಬದಲಿಸಬೇಕು. ತಯಾರಾದ ವರ್ಷ ಟ್ಯೂಬಿನ ಮೇಲೆಯೇ ಅಚ್ಚಾಗಿರುತ್ತದೆ. ಬಿರುಕು ಕಂಡರೆ 5 ವರ್ಷ ಕಾಯಬೇಡಿ. ಐಎಸ್‌ಐ ಗುರುತು ಇರುವುದನ್ನೇ ಕೊಳ್ಳಿ. ಟ್ಯೂಬಿನ ಮೇಲೆ ಬಟ್ಟೆ ಸುತ್ತಬೇಡಿ, ಬಿರುಕು ಕಾಣದೇ ಹೋಗುತ್ತದೆ. ಕಬಾಬಿನ ಒಲೆಗೆಂದು ನಡುವೆ ತುಂಡರಿಸಿ ಜೋಡಣೆ ಹಾಕಲೂಬೇಡಿ.

ಸೋರಿಕೆ ಪರೀಕ್ಷೆ ಸುಲಭ. ಒಲೆಯ ಗುಂಡಿಗಳನ್ನು ಆಫ್ ಮಾಡಿ, ರೆಗ್ಯುಲೇಟರ್ ಆನ್ ಮಾಡಿ, ಟ್ಯೂಬಿಗೂ ಅದರ ಎರಡು ತುದಿಗಳಿಗೂ ಸಾಬೂನಿನ ನೊರೆ ಹಚ್ಚಿ. ಗುಳ್ಳೆ ಎದ್ದರೆ ಸೋರುತ್ತಿದೆ ಎಂದರ್ಥ. ಬೆಂಕಿಕಡ್ಡಿ ಗೀರಿ ನೋಡುವುದು ಪ್ರಾಣಕ್ಕೇ ಅಪಾಯ. ಹೊಸ ಸಿಲಿಂಡರ್ ಬಂದಾಗ ವಾಲ್ವಿನೊಳಗಿನ ಕಪ್ಪು ರಬ್ಬರ್ ಉಂಗುರ ಸರಿಯಿದೆಯೇ ಎಂದು ತಂದವರ ಮುಂದೆಯೇ ನೋಡಿ. ಹಿಡಿಕೆಯ ಪಟ್ಟಿಯ ಒಳಬದಿಯಲ್ಲಿ 'ಬಿ-27' ಎಂಬಂಥ ಗುರುತು ಇರುತ್ತದೆ. ಎ, ಬಿ, ಸಿ, ಡಿ ಎಂದರೆ ವರ್ಷದ ನಾಲ್ಕು ತ್ರೈಮಾಸಿಕಗಳು. ಬಿ-27 ಇದ್ದರೆ ಆ ಸಿಲಿಂಡರಿನ ಮುಂದಿನ ತಪಾಸಣೆ 2027ರ ಜೂನ್ ಒಳಗೆ ಆಗಬೇಕು. ಅವಧಿ ಮೀರಿದ್ದನ್ನು ಹಿಂದಿರುಗಿಸಿ.

ಮೂಗನ್ನೇ ನಂಬಿ ಕೂರಬೇಡಿ

ಅಡುಗೆ ಅನಿಲಕ್ಕೆ ಸ್ವಂತ ವಾಸನೆಯಿಲ್ಲ. ಸೋರಿದರೆ ತಿಳಿಯಲೆಂದೇ ಅದಕ್ಕೆ ದುರ್ವಾಸನೆ ಬೆರೆಸುತ್ತಾರೆ. ಆದರೆ ನೆಗಡಿಯಾದವರಿಗೆ, ವಯಸ್ಸಾದವರಿಗೆ ವಾಸನೆ ಸರಿಯಾಗಿ ಹತ್ತುವುದಿಲ್ಲ. ಒಂದೇ ವಾಸನೆಯಲ್ಲಿ ಸ್ವಲ್ಪ ಹೊತ್ತು ನಿಂತರೆ ಆರೋಗ್ಯವಂತರ ಮೂಗೂ ಅದಕ್ಕೆ ಒಗ್ಗಿಹೋಗುತ್ತದೆ. "ವಾಸನೆ ಹೋಯ್ತು" ಎಂದರೆ ಅನಿಲ ಹೋಯಿತು ಎಂದಲ್ಲ. ಅದು ಗಾಳಿಗಿಂತ ಭಾರ, ನೆಲದ ಮೇಲೆಯೇ ಹರಡಿ ನಿಲ್ಲುತ್ತದೆ.

ವಾಸನೆ ಬಂದರೆ ಒಲೆ, ರೆಗ್ಯುಲೇಟರ್ ಎರಡನ್ನೂ ಆಫ್ ಮಾಡಿ. ಕಿಟಕಿ, ಬಾಗಿಲು ತೆರೆಯಿರಿ. ಲೈಟು, ಫ್ಯಾನು ಯಾವ ಸ್ವಿಚ್ಚನ್ನೂ ಮುಟ್ಟಬೇಡಿ, ಹಾಕುವುದೂ ಬೇಡ, ಆರಿಸುವುದೂ ಬೇಡ. ಎಲ್ಲರೂ ಹೊರಗೆ ಬಂದು 1906ಕ್ಕೆ ಕರೆ ಮಾಡಿ. ಇದು ಹಗಲು ರಾತ್ರಿ ಕೆಲಸ ಮಾಡುವ ತುರ್ತು ಸಹಾಯವಾಣಿ.

ಸುಟ್ಟರೆ ಮೊದಲು ನೀರು

ಬಟ್ಟೆಗೆ ಬೆಂಕಿ ಹತ್ತಿದರೆ ಓಡಬಾರದು, ನೆಲದ ಮೇಲೆ ಮಲಗಿ ಉರುಳಬೇಕು. ಒಲೆಯ ಮುಂದೆ ನೈಲಾನ್ ದುಪಟ್ಟಾ ಬೇಡ, ಹತ್ತಿ ಬಟ್ಟೆ ಇರಲಿ. ಸುಟ್ಟ ಜಾಗವನ್ನು ಕೂಡಲೇ ಹರಿಯುವ ತಣ್ಣೀರಿಗೆ 20 ನಿಮಿಷ ಒಡ್ಡಿ. ಊತ ಬರುವ ಮೊದಲೇ ಬಳೆ, ಉಂಗುರ ತೆಗೆಯಿರಿ. ಚರ್ಮಕ್ಕೆ ಅಂಟಿದ ಬಟ್ಟೆಯನ್ನು ಎಳೆಯಬೇಡಿ. ಮಂಜುಗಡ್ಡೆ, ಟೂತ್‌ಪೇಸ್ಟ್, ಕಾಫಿಪುಡಿ, ಶಾಯಿ ಯಾವುದೂ ಬೇಡ. ನಮ್ಮ ಯುನಾನಿಯಲ್ಲಿ ಸುಟ್ಟ ಗಾಯಕ್ಕೆ ಮರ್ಹಮ್ ಇದೆ ನಿಜ, ಆದರೆ ತಾಜಾ ಗಾಯಕ್ಕೆ ನೀವಾಗಿಯೇ ಅದನ್ನು ಹಚ್ಚಬೇಡಿ. ಅಂಗೈಗಿಂತ ದೊಡ್ಡ ಗಾಯ, ಮುಖ, ಕೈ ಅಥವಾ ಗುಪ್ತಾಂಗದ ಗಾಯ, ಮಕ್ಕಳ ಗಾಯ ಇದ್ದರೆ ಶುದ್ಧ ಬಟ್ಟೆ ಮುಚ್ಚಿ ನೇರ ಆಸ್ಪತ್ರೆಗೆ ಕರೆದೊಯ್ಯಿರಿ.

ಮಲಗುವಾಗ ಮನೆಯಲ್ಲಿ ಬೆಂಕಿಯನ್ನು ಉರಿಯುತ್ತಾ ಬಿಡಬಾರದೆಂದು ಪ್ರವಾದಿ(ಸ)ಯವರು ಕಲಿಸಿದ್ದಾರೆ. ಇಂದಿನ ಅಡುಗೆಮನೆಯಲ್ಲಿ ಒಲೆ ಆರಿಸಿದರಷ್ಟೇ ಸಾಲದು. ತರಾವೀಹ್ ಮುಗಿಸಿ ಮಲಗುವ ಮುನ್ನ ರೆಗ್ಯುಲೇಟರನ್ನೂ ಆಫ್ ಮಾಡಿ. ಈ ಕೆಲಸ ಅಮ್ಮನೊಬ್ಬಳದೇ ಆಗದಿರಲಿ, ಮನೆಯ ಗಂಡಸರೂ ಮಕ್ಕಳೂ ಕಲಿಯಲಿ.